ಅಜ್ಜನ ಟ್ರಂಕಿನಲ್ಲಿ ಸಿಕ್ಕ ಜಪಾನಿ ಯೋಧನ ಚಿತ್ರ: ಇದು ಮರದ ಅಚ್ಚಿನದ್ದಾ?

ಡೊಂಬಿವಲಿ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ಕುಂದಾಪುರದ ಕಡೆಯವರು, ಈಗ ಇರುವುದು ಡೊಂಬಿವಲಿಯಲ್ಲಿ. ಅಮ್ಮನ ಅಪ್ಪ ಹದಿನಾರನೇ ವಯಸ್ಸಿಗೆ ಮುಂಬೈಗೆ ಬಂದವರು. ಮೊದಲು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು, ಆಮೇಲೆ ಸರಕು ಹಡಗಿನ ಅಡುಗೆಮನೆ ಸೇರಿದರು. ವರ್ಷಕ್ಕೆ ಒಂದೆರಡು ಸಲ ಜಪಾನಿನ ಕೋಬೆ, ಯೊಕೊಹಾಮಾಗೆ ಹೋಗಿ ಬರುತ್ತಿದ್ದರಂತೆ.

ಹೋದ ತಿಂಗಳು ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿನ ತಗಡಿನ ಟ್ರಂಕು ಕೆಳಗಿಳಿಸಿದೆವು. ಅಜ್ಜನ ಉಣ್ಣೆ ಕೋಟಿನ ಕೆಳಗೆ, ಎರಡು ರಟ್ಟುಗಳ ನಡುವೆ, ಒಂದು ಚಿತ್ರವಿತ್ತು. ಜಪಾನಿ ಯೋಧ. ಎರಡೂ ಕೈಯಲ್ಲಿ ಈಟಿ ಹಿಡಿದು ಮೈ ತಿರುಚಿ ನಿಂತಿದ್ದಾನೆ. ತಲೆಗೂದಲು ಕೆದರಿದೆ. ಮೇಲಂಗಿಯ ತೋಳಿಗೆ, ಅಂಚಿಗೆ ಕಪ್ಪು-ಬಿಳಿ ತ್ರಿಕೋನಗಳು, ಗರಗಸದ ಹಲ್ಲಿನ ಹಾಗೆ. ಹಿಂದೆ ಮನೆ, ಮರ, ಆಕಾಶ ಏನೂ ಇಲ್ಲ, ಬರೀ ಖಾಲಿ. ಮೇಲ್ಭಾಗದಲ್ಲಿ ಸಣ್ಣ ಅಕ್ಷರದ ಬರಹ ಸಾಲುಸಾಲಾಗಿ ಇಳಿದಿದೆ. ಒಂದು ಕಡೆ ಎರಡು ಪುಟ್ಟ ದುಂಡು ಮುದ್ರೆಗಳು ಅಕ್ಕಪಕ್ಕ ಇವೆ. ಅಳತೆ ಸುಮಾರು 36 ಸೆಂ.ಮೀ. ಎತ್ತರ, 24 ಅಗಲ.

ಕೇಳಬೇಕಾಗಿರುವುದು ಇದು. ಇದನ್ನು ಕೈಯಲ್ಲಿ ಬರೆದಿದ್ದಾ, ಮರದ ಅಚ್ಚಿನಿಂದ ಒತ್ತಿದ್ದಾ, ಇಲ್ಲ ಅಂಗಡಿಯಲ್ಲಿ ಸಿಗುವ ಪೋಸ್ಟರಾ? ಇವನು ಯಾರು? ಮುಂಬೈ ಮಳೆಗಾಲದಲ್ಲಿ ಇದನ್ನು ಕಾಪಾಡುವುದು ಹೇಗೆ?

ಒಂದು ನೋವಿನ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಹತ್ತಿರದ ಒಂದು ಫ್ರೇಮ್ ಅಂಗಡಿಗೆ ಕೊಟ್ಟಿದ್ದೆ. ರೆಡಿ ಫ್ರೇಮಿಗೆ ಹಿಡಿಸಲಿಲ್ಲ ಅಂತ ಬಲಗಡೆ ಒಂದು ಬೆರಳಗಲ ಬ್ಲೇಡಿನಿಂದ ಕತ್ತರಿಸಿಬಿಟ್ಟರು. ಹಿಂದೆ ನಾಲ್ಕು ಮೂಲೆಗೂ ಸೆಲೋಟೇಪು. ನೋಡಿದಾಗ ಹೊಟ್ಟೆ ಕಿವುಚಿದ ಹಾಗಾಯಿತು. ಕತ್ತರಿಸಿದ ಪಟ್ಟಿ ನೆಲದ ಮೇಲೆ ಬಿದ್ದಿತ್ತು, ಎತ್ತಿಕೊಂಡು ಬಂದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಠಾಣೆಯಿಂದ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇಂಥ ಚಿತ್ರಗಳ ನಕಲು ತುಂಬಾ ಇವೆ. ನನ್ನ ಭಾವ ಟೋಕಿಯೊದಿಂದ ಒಂದು ತಂದಿದ್ದರು, ನೋಡಲು ಥೇಟ್ ಹಳೆಯದರ ಹಾಗೇ ಇತ್ತು. ಮನೆಗೆ ಬಂದು ನೋಡಿದರೆ ಯಂತ್ರದಲ್ಲಿ ಒತ್ತಿದ ಆಫ್‌ಸೆಟ್ ಪ್ರಿಂಟು. ಬೆಲೆ, ಹಳತು ಅಂತೆಲ್ಲ ಆಸೆ ಇಟ್ಟುಕೊಳ್ಳುವ ಮೊದಲು ಗೊತ್ತಿದ್ದವರಿಗೆ ತೋರಿಸಿ.

ಗದಗಿನ ಮೊಳೆ, ಪುಣೆ

ತಂಗಿ, ಮೊದಲು ಒಂದು ಮಾತು. ಇನ್ನು ಮುಂದೆ ಆ ಕಾಗದಕ್ಕೆ ಬ್ಲೇಡು, ಟೇಪು, ಫೆವಿಕಾಲ್ ಯಾವುದೂ ತಾಗಬಾರದು. ಇರುವ ಟೇಪನ್ನು ನೀವೇ ಕೀಳಲು ಹೋಗಬೇಡಿ, ಕಾಗದದ ಎಳೆ ಅದರ ಜೊತೆ ಎದ್ದು ಬರುತ್ತದೆ. ಪಟ್ಟಿ ಎತ್ತಿಟ್ಟುಕೊಂಡಿದ್ದು ಬಹಳ ಒಳ್ಳೆಯದಾಯಿತು. ಅದನ್ನು ಮಡಚದೆ ಚಿತ್ರದ ಜೊತೆಗೇ ಇಡಿ.

ನಾನು ಗದಗಿನವನು. ಅಲ್ಲಿ ಅಚ್ಚಿನ ಮೊಳೆ ಜೋಡಿಸುವುದು ಕಲಿತು, 1983ರಲ್ಲಿ ಪುಣೆಗೆ ಬಂದು, ಸದಾಶಿವ ಪೇಟೆಯ ಒಂದು ಪ್ರೆಸ್ಸಿನಲ್ಲಿ ಇಪ್ಪತ್ತೊಂಬತ್ತು ವರ್ಷ ದುಡಿದೆ. ಮೊದಲು ಕಾಲಿನಿಂದ ತುಳಿದು ನಡೆಸುವ ಟ್ರೆಡಲ್, ಆಮೇಲೆ ಆಫ್‌ಸೆಟ್. ಕೆಲಸ ಬಿಟ್ಟ ಮೇಲೆ ಕೈ ಸುಮ್ನೆ ಕೂರಲಿಲ್ಲ. ಜಪಾನಿ ಪದ್ಧತಿಯಲ್ಲಿ ಮರ ಕೆತ್ತಿ ಅಚ್ಚು ತೆಗೆಯುವುದನ್ನು ಮನೆಯ ಬಾಲ್ಕನಿಯಲ್ಲಿ ಕೂತು ಮಾಡುತ್ತೇನೆ. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ರಾತ್ರಿ ನಿದ್ದೆ ಹತ್ತಲಿಲ್ಲ.

ಠಾಣೆಯವರು ಎಚ್ಚರಿಸಿದ್ದು ಸರಿಯೇ. ಆದರೆ ಪರೀಕ್ಷೆ ಕಷ್ಟವಿಲ್ಲ. ಒಂದು ಭೂತಗನ್ನಡಿ ತೆಗೆದುಕೊಂಡು ಮೇಲಂಗಿಯ ಬಣ್ಣ ನೋಡಿ. ಸಾಲುಸಾಲು ಚುಕ್ಕೆ ಕಂಡರೆ ಆಫ್‌ಸೆಟ್, ಅಲ್ಲಿಗೆ ಮುಗಿಯಿತು. ಕಲ್ಲಚ್ಚಿನದ್ದಾದರೆ ಮರಳು ಉದುರಿಸಿದ ಹಾಗೆ ಕಾಳುಕಾಳಾಗಿ ಕಾಣುತ್ತದೆ. ನಮ್ಮ ಮನೆಗಳ ದೇವರ ಕೋಣೆಯಲ್ಲಿರುವ ರವಿವರ್ಮನ ಲಕ್ಷ್ಮಿ, ಸರಸ್ವತಿಯರ ಹಳೆಯ ಪಟಗಳು ಕಲ್ಲಚ್ಚಿನವೇ. ಆ ಪ್ರೆಸ್ಸು 1894ರಲ್ಲಿ ಮುಂಬೈಯಲ್ಲಿ ಶುರುವಾಗಿ, ಆಮೇಲೆ ಲೋಣಾವಳ ಹತ್ತಿರದ ಮಳವಲಿಗೆ ಹೋಯಿತು. ಮರದ ಅಚ್ಚಿನಲ್ಲಿ ಚುಕ್ಕೆಯೂ ಇರುವುದಿಲ್ಲ, ಕಾಳೂ ಇರುವುದಿಲ್ಲ. ಬಣ್ಣ ಒಂದೇ ಸಮ ಹರಡಿರುತ್ತದೆ. ಅದರೊಳಗೆ ಅಲ್ಲಲ್ಲಿ ಮರದ ಎಳೆ ತೆಳ್ಳಗೆ ಕಾಣುತ್ತದೆ. ಕೆಲವು ಕಡೆ ಬಣ್ಣ ಕಪ್ಪು ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಬಂದಿರುತ್ತದೆ. ಪ್ರೆಸ್ಸಿನಲ್ಲಿ ಅದಕ್ಕೆ ರಿಜಿಸ್ಟರ್ ಔಟ್ ಅನ್ನುತ್ತಿದ್ದೆವು.

ಎರಡನೆಯದು, ಚಿತ್ರದ ಬೆನ್ನು. ನನ್ನ ಮಟ್ಟಿಗೆ ಮುಖಕ್ಕಿಂತ ಬೆನ್ನು ಜಾಸ್ತಿ ಹೇಳುತ್ತದೆ. ಹಳೆಯ ಜಪಾನಿ ಅಚ್ಚಿನವರಿಗೆ ಯಂತ್ರವೇ ಇರಲಿಲ್ಲ. ಹಲಗೆಯ ಮೇಲೆ ನೀರಿನ ಬಣ್ಣ, ಸ್ವಲ್ಪ ಅಕ್ಕಿ ಗಂಜಿಯ ಅಂಟು ಹಾಕಿ ಬ್ರಶ್ಶಿನಿಂದ ಹರಡುತ್ತಾರೆ. ಒದ್ದೆ ಮಾಡಿದ ಕಾಗದ ಮೇಲೆ ಇಟ್ಟು, ಬಾರೆನ್ ಅನ್ನುವ ದುಂಡು ಉಜ್ಜುಗದಿಂದ ಬೆನ್ನನ್ನು ಉಜ್ಜುತ್ತಾರೆ. ಬಿದಿರಿನ ಕಳಲೆಯ ಹೊರ ಸಿಪ್ಪೆ ಇರುತ್ತದಲ್ಲ, ಅದನ್ನು ಸೀಳಿ ಹುರಿ ಮಾಡಿ, ಸುರುಳಿ ಸುತ್ತಿ, ಮೇಲೆ ಅದೇ ಸಿಪ್ಪೆ ಹೊದಿಸಿ ಬಾರೆನ್ ಕಟ್ಟುತ್ತಾರೆ. ಹಾಗಾಗಿ ಬಣ್ಣ ಕಾಗದದ ಒಳಕ್ಕೆ ಇಳಿದು ಹಿಂದೆಯೂ ಮಸುಕಾಗಿ ಕಾಣುತ್ತದೆ. ಉಜ್ಜಿದ ಕೈಯ ಗುರುತು ಸುತ್ತುಸುತ್ತಾಗಿ ಉಳಿದಿರುತ್ತದೆ. ದೀಪವನ್ನು ಓರೆಯಾಗಿ ಹಿಡಿದು ನೋಡಿ.

ಇಷ್ಟು ಉಜ್ಜಿದರೂ ಹರಿಯದ ಕಾಗದ ಅದು. ಕೋಝೊ ಅನ್ನುವ ಗಿಡದ ತೊಗಟೆಯ ನಾರು, ನಮ್ಮ ರೇಷ್ಮೆ ಹಿಪ್ಪುನೇರಳೆಯ ಕುಟುಂಬದ್ದೇ. ಬಣ್ಣ ಹರಡದಿರಲಿ ಅಂತ ಪಟಿಕ, ಸರೇಸು ಕಲಸಿದ ನೀರು ಬಳಿದಿರುತ್ತಾರೆ.

ಕೆಲಸದ ಕ್ರಮ ಹೇಳುತ್ತೇನೆ, ಯಾಕೆಂದರೆ ಚಿತ್ರದ ಮೇಲೆ ಇರುವುದು ಕಲಾವಿದನ ಹೆಸರು, ದುಡಿದವರು ಮಾತ್ರ ನಾಲ್ಕು ಜನ. ಬರೆಯುವವನು, ಕೆತ್ತುವವನು, ಅಚ್ಚು ಒತ್ತುವವನು, ದುಡ್ಡು ಹಾಕುವ ಪ್ರಕಾಶಕ. ಬರೆಯುವವನು ತೆಳು ಕಾಗದದ ಮೇಲೆ ಕಪ್ಪು ಗೆರೆಯಲ್ಲಿ ಚಿತ್ರ ಬರೆದು ಕೊಡುತ್ತಾನೆ. ಕೆತ್ತುವವನು ಅದನ್ನು ಕಾಡು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಕಾಗದದ ಸಮೇತ ಕೆತ್ತುತ್ತಾನೆ. ಮೂಲ ಚಿತ್ರ ಅಲ್ಲಿಗೆ ಮುಗಿಯಿತು, ಮರದ ಹೊಟ್ಟಿನ ಜೊತೆ ಹೋಯಿತು. ಆಮೇಲೆ ಪ್ರತಿ ಬಣ್ಣಕ್ಕೂ ಬೇರೆ ಹಲಗೆ. ಎಲ್ಲ ಹಲಗೆಗೂ ಒಂದು ಮೂಲೆಯಲ್ಲಿ L ಆಕಾರದ ಕಚ್ಚು, ಅಂಚಿನಲ್ಲಿ ಒಂದು ನೇರ ಕಚ್ಚು ಕೆತ್ತಿರುತ್ತಾರೆ. ಕೆಂತೊ ಅಂತ ಅದರ ಹೆಸರು. ಕಾಗದದ ಮೂಲೆ ಅಲ್ಲಿಗೆ ಕೂತರೆ ಹತ್ತು ಬಣ್ಣವೂ ಅದರದರ ಜಾಗದಲ್ಲೇ ಬೀಳುತ್ತದೆ. ನಾವು ಟ್ರೆಡಲ್‌ನಲ್ಲಿ ಪಿನ್ನು ಹಾಕಿ ಮಾಡುತ್ತಿದ್ದ ಕೆಲಸವನ್ನು ಇವರು ಮರದಲ್ಲೇ ಕೆತ್ತಿ ಮುಗಿಸಿದ್ದರು. ಮೊದಲ ಸಲ ಓದಿದಾಗ ನಾನು ಎದ್ದು ನಿಂತುಬಿಟ್ಟೆ.

ಈಗ ಯೋಧನ ಹಣೆಯ ಮೇಲಿನ ಕೂದಲು ನೋಡಿ. ಅದು ಎಲ್ಲರೂ ಕೆತ್ತುವ ಭಾಗವಲ್ಲ. ಮುಖ, ಕೂದಲು ಹಿರಿಯ ಕೆತ್ತನೆಗಾರನ ಪಾಲು, ಬಟ್ಟೆ ಮತ್ತಿತರ ಭಾಗ ಶಿಷ್ಯರದು. ಪ್ರತಿ ಕೂದಲೂ ಮರದಲ್ಲಿ ಉಬ್ಬಿ ನಿಂತ ಒಂದು ಗೆರೆ. ಎರಡು ಪಕ್ಕದ ಮರವನ್ನು ತೆಗೆದು ನಡುವಿನ ಎಳೆಯನ್ನು ಉಳಿಸಬೇಕು. ನಾನು ಪೇರಲ ಮರದ ಹಲಗೆಯಲ್ಲಿ ಪ್ರಯತ್ನ ಪಟ್ಟಿದ್ದೇನೆ. ಹತ್ತು ಕೂದಲು ಕೆತ್ತಿದರೆ ನಾಲ್ಕು ಮುರಿಯುತ್ತವೆ. ಅವರು ಒಂದು ಹಣೆಗೆ ನೂರು ಕೂದಲು ನಿಲ್ಲಿಸುತ್ತಿದ್ದರು.

ಬಣ್ಣದ ಬಗ್ಗೆ ಒಂದು ಮಾತು. ಹಳೆಯ ಜಪಾನಿ ಅಚ್ಚಿನಲ್ಲಿ ಗುಲಾಬಿ-ಕೆಂಪು ಬರುತ್ತಿದ್ದದ್ದು ಕುಸುಬೆ ಹೂವಿನಿಂದ. ಹೌದು, ನಮ್ಮ ಗದಗ ಸೀಮೆಯ ಹೊಲದಲ್ಲಿ ಎಣ್ಣೆಗೆ ಬೆಳೆಯುವ ಅದೇ ಕುಸುಬೆ. ಹಳದಿಗೆ ಅರಿಶಿನವನ್ನೂ ಬಳಸುತ್ತಿದ್ದರು. ಎರಡಕ್ಕೂ ಬಿಸಿಲು ಆಗಿಬರುವುದಿಲ್ಲ. ಅರಿಶಿನ ಹಚ್ಚಿದ ಬಟ್ಟೆ ಬಿಸಿಲಿಗೆ ಹಾಕಿದರೆ ಏನಾಗುತ್ತದೆ ಅಂತ ನಮ್ಮ ಹೆಂಗಸರಿಗೆಲ್ಲ ಗೊತ್ತು ಅಲ್ವಾ? ಗಾಢ ನೀಲಿ ಇದ್ದರೆ ಅದು ಬಹುಶಃ ಬರ್ಲಿನ್‌ನಲ್ಲಿ ಹುಟ್ಟಿ ಹಡಗಿನಲ್ಲಿ ಬಂದ ಬಣ್ಣ. 1830ರ ಹೊತ್ತಿಗೆ ಜಪಾನಿನಲ್ಲಿ ಅದರ ಬಳಕೆ ಜೋರಾಯಿತು. ಅದು ಬೇಗ ಮಾಸುವುದಿಲ್ಲ. ಹಾಗಾಗಿ ಚಿತ್ರವನ್ನು ಹಾಲಿನಲ್ಲಿ ಕಿಟಕಿ ಎದುರು ತೂಗುಹಾಕಬೇಡಿ. ನೀಲಿ ಮಾತ್ರ ಉಳಿದು ಉಳಿದದ್ದೆಲ್ಲ ಹೋಗುತ್ತದೆ.

ಗರಗಸದ ಹಲ್ಲಿನ ಅಂಗಿ ಅಂದಿರಿ. ಅದು ನಲವತ್ತೇಳು ರೋನಿನ್‌ಗಳ, ಅಂದರೆ ಒಡೆಯನ ಸಾವಿಗೆ ಸೇಡು ತೀರಿಸಿಕೊಂಡ ಜಪಾನಿ ಯೋಧರ ಗುರುತು. ಖಾಲಿ ಹಿನ್ನೆಲೆ, ಮೇಲೆ ಬರಹ, ಎರಡು ದುಂಡು ಮುದ್ರೆ, ಎಲ್ಲ ಸೇರಿದರೆ ನನ್ನ ಮನಸ್ಸಿಗೆ ಬರುವುದು ಹತ್ತೊಂಬತ್ತನೇ ಶತಮಾನದ ಚಿತ್ರಕಾರ ಉತಗಾವಾ ಕುನಿಯೋಶಿ. ಸಹಿ ಮತ್ತು ಶೀರ್ಷಿಕೆಯ ಫೋಟೋ ಹಾಕಿ. ನನಗೆ ಜಪಾನಿ ಓದಲು ಬರುವುದಿಲ್ಲ, ಇಲ್ಲಿ ಬಲ್ಲವರಿದ್ದಾರೆ.

ಡೊಂಬಿವಲಿ ಮೊಮ್ಮಗಳು

ಅಣ್ಣಾ, ನಿಮಗೆ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ, ಪಟ್ಟಿಯನ್ನೂ ತೋರಿಸಿದೆ. ಬೈಯಲಿಲ್ಲ. ಸುಮ್ನೆ ಪಟ್ಟಿಯನ್ನು ಚಿತ್ರದ ಪಕ್ಕ ಜೋಡಿಸಿ ಇಟ್ಟು ನೋಡುತ್ತಾ ಕೂತರು.

ಆಮೇಲೆ ಇಬ್ಬರೂ ಸೇರಿ ಮೊಬೈಲ್ ಟಾರ್ಚು ಓರೆಯಾಗಿ ಹಿಡಿದೆವು. ಚುಕ್ಕೆ ಇಲ್ಲ! ಬೂದು ಬಣ್ಣದ ಭಾಗದಲ್ಲಿ ಮರದ ಎಳೆ ಸ್ಪಷ್ಟವಾಗಿ ಕಂಡಿತು, ನಮ್ಮ ಊರಿನ ಮನೆಯ ಹಳೆಯ ಬಾಗಿಲಲ್ಲಿ ಕಾಣುತ್ತದಲ್ಲ ಹಾಗೆ. ಬೆನ್ನ ಮೇಲೆ ಬಣ್ಣ ಇಳಿದಿದೆ. ಸುತ್ತುಸುತ್ತು ಗುರುತೂ ಇದೆ. ಯಾರದೋ ಕೈ ಅಲ್ಲಿ ಓಡಾಡಿದೆ ಅನ್ನುವುದು ನೆನೆದು ಮೈ ಜುಮ್ಮೆಂದಿತು.

ಇನ್ನೊಂದು ಸಿಕ್ಕಿತು. ಬೆನ್ನ ಕೆಳಮೂಲೆಯಲ್ಲಿ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ. "ಅಭಿಮನ್ಯು". ಅಜ್ಜನದೇ ಕೈಬರಹ, ಅಮ್ಮ ನೋಡಿದ ತಕ್ಷಣ ಗುರುತು ಹಿಡಿದರು. ಜಪಾನಿ ಯೋಧನಿಗೆ ಯಾಕೆ ಆ ಹೆಸರು ಬರೆದರೋ. ಅದನ್ನು ಅಳಿಸಬೇಕಾ?

ಸಹಿ, ಮುದ್ರೆ, ಮೇಲಿನ ಬರಹ, ಮೂರರದ್ದೂ ಫೋಟೋ ಹಾಕಿದ್ದೇನೆ.

ಕೋತ್ರೂಡ್ ನಿಹೊಂಗೊ

ಅಕ್ಕಾ, ನಾನು ಪುಣೆಯಲ್ಲಿ ಜಪಾನಿ ಕಲಿಯುತ್ತಿರುವವಳು, ಐದನೇ ವರ್ಷ. ಮೇಲಿನ ಹರಿಬರಹ ಪೂರ್ತಿ ಓದುವಷ್ಟು ಇನ್ನೂ ಬಲಿತಿಲ್ಲ. ಶೀರ್ಷಿಕೆ, ಸಹಿ ಓದಿದೆ.

ಶೀರ್ಷಿಕೆ "ಸೇಯ್‌ಚೂ ಗಿಶಿ ದೆನ್". ನಿಷ್ಠಾವಂತ ಯೋಧರ ಚರಿತ್ರೆ ಅಂತ ಅರ್ಥ. ಸಹಿ "ಇಚಿಯೂಸಾಯ್ ಕುನಿಯೋಶಿ ಗ". ಕೊನೆಯ ಗ ಅಂದರೆ ಬರೆದದ್ದು. ಕಾಕಾ ಹೇಳಿದ್ದು ಸರಿ. ಈ ಸರಣಿ ಬಂದದ್ದು 1847-48ರಲ್ಲಿ. ಎರಡು ದುಂಡು ಮುದ್ರೆಗಳೂ ಅದನ್ನೇ ಹೇಳುತ್ತವೆ. ಆಗ ಎದೋ ಊರಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಯಾವ ಚಿತ್ರ ಅಚ್ಚಾಗಬೇಕಾದರೂ ತಪಾಸಣೆಯವರ ಮುದ್ರೆ ಬೇಕಿತ್ತು. ಇಬ್ಬರ ಮುದ್ರೆ ಜೊತೆಯಾಗಿ ಬೀಳುತ್ತಿದ್ದದ್ದು 1847ರಿಂದ 1852ರವರೆಗೆ.

ಕಥೆ ನಿಜವಾಗಿ ನಡೆದದ್ದು. 1701ರಲ್ಲಿ ಅಸಾನೊ ಅನ್ನುವ ಸಾಮಂತ ಎದೋ ಕೋಟೆಯೊಳಗೆ ಕಿರಾ ಅನ್ನುವ ಅಧಿಕಾರಿಯ ಮೇಲೆ ಕತ್ತಿ ಎತ್ತಿದ. ಅವತ್ತೇ ಹೊಟ್ಟೆ ಸೀಳಿಕೊಂಡು ಸಾಯಬೇಕೆಂದು ಅಪ್ಪಣೆಯಾಯಿತು. ಅವನ ಯೋಧರು ದಿಕ್ಕಿಲ್ಲದವರಾದರು. ರೋನಿನ್ ಅಂದರೆ ಒಡೆಯನಿಲ್ಲದ ಯೋಧ. 1703ರ ಜನವರಿ ಕೊನೆಯ ಒಂದು ರಾತ್ರಿ ಅವರು ಕಿರಾನ ಮನೆಗೆ ನುಗ್ಗಿ ಅವನನ್ನು ಕೊಂದರು. ಅವರಿಗೂ ಅದೇ ಶಿಕ್ಷೆಯಾಯಿತು. ಟೋಕಿಯೊದ ಸೆಂಗಾಕುಜಿ ಗುಡಿಯಲ್ಲಿ ಅವರ ಸಮಾಧಿಗಳಿವೆ. ಜನ ಈಗಲೂ ಊದಿನಕಡ್ಡಿ ಹಚ್ಚುತ್ತಾರೆ.

ಈಗ ಮುಖ್ಯ ವಿಷಯ. ನಿಮ್ಮ ಚಿತ್ರದಲ್ಲಿರುವ ಹೆಸರು ಆ ಯೋಧನ ಅಸಲಿ ಹೆಸರಲ್ಲ. ಸ್ವಲ್ಪ ತಿದ್ದಿದ ಹೆಸರು. ಇತ್ತೀಚಿನ ಕಾಲದ ಯೋಧರನ್ನು, ಅವರ ಮನೆತನವನ್ನು ಹೆಸರು ಹಿಡಿದು ಚಿತ್ರಿಸುವಂತಿರಲಿಲ್ಲ. 1804ರಲ್ಲಿ ಉತಾಮಾರೊ ಅನ್ನುವ ದೊಡ್ಡ ಕಲಾವಿದ, ಹಿಂದೆ ಜಪಾನನ್ನು ಆಳಿದ್ದ ದಂಡನಾಯಕ ಹಿದೆಯೋಶಿಯನ್ನು ಚಿತ್ರಿಸಿದ್ದಕ್ಕೆ ಐವತ್ತು ದಿನ ಕೈಕೋಳ ಹಾಕಿಸಿಕೊಂಡ. ಹಿದೆಯೋಶಿ ಸತ್ತು ಆಗಲೇ ಇನ್ನೂರು ವರ್ಷವಾಗಿತ್ತು, ಆದರೂ! ರೋನಿನ್‌ಗಳ ಕಥೆಯನ್ನು 1748ರಲ್ಲಿ ಗೊಂಬೆಯಾಟಕ್ಕೆ ತಂದವರೂ ಕಾಲವನ್ನು ಹದಿನಾಲ್ಕನೇ ಶತಮಾನಕ್ಕೆ ಒಯ್ದರು. ನಾಯಕ ಓಇಶಿ ಕುರಾನೊಸುಕೆ ಅಲ್ಲಿ ಓಬೊಶಿ ಯುರಾನೊಸುಕೆ ಆದ. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಕುನಿಯೋಶಿಯಂಥವರು ಇಂಥ ಯೋಧರನ್ನೇ ಬರೆದದ್ದಕ್ಕೆ ಒಂದು ಕಾರಣವೂ ಇದೆ. 1842ರಲ್ಲಿ ನಟರ, ವೇಶ್ಯೆಯರ ಚಿತ್ರಗಳಿಗೆ ಸರ್ಕಾರ ನಿಷೇಧ ಹಾಕಿತು. ಅಚ್ಚಿನ ಅಂಗಡಿಗಳ ಹೊಟ್ಟೆಪಾಡೇ ಅದು. ನಿಷ್ಠೆ, ಶೌರ್ಯದ ಚಿತ್ರಕ್ಕೆ ತಪಾಸಣೆಯವರು ಬೇಡ ಅನ್ನುವುದು ಕಷ್ಟ, ನೋಡಿ. ಹಾಗಂತ ವೀರರ ಚಿತ್ರಕ್ಕೂ ಅಪಾಯ ತಪ್ಪಿದ್ದಲ್ಲ. 1843ರಲ್ಲಿ ಕುನಿಯೋಶಿ ಮೂರು ಹಾಳೆಯ ಒಂದು ಚಿತ್ರ ಬರೆದ. ಹಳೆಯ ಕಥೆಗಳ ವೀರ ಯೋರಿಮಿತ್ಸು ಕಾಯಿಲೆ ಬಿದ್ದು ಮಲಗಿದ್ದಾನೆ, ಹಿಂದೆ ಮಣ್ಣಿನ ಜೇಡ, ಅದರ ಹಿಂದೆ ದೆವ್ವಗಳ ದಂಡು. ಆ ದೆವ್ವಗಳೆಲ್ಲ ಹೊಸ ಕಾನೂನಿನಿಂದ ನೊಂದ ಜನರೇ ಅಂತ ಊರೆಲ್ಲ ಮಾತಾಯಿತು. ಹೆದರಿದ ಪ್ರಕಾಶಕ ಅದನ್ನು ವಾಪಸು ತೆಗೆದುಕೊಂಡ.

ಸಾಲಿಗ್ರಾಮದವ, ಮುಲುಂಡ್

ಅಭಿಮನ್ಯು ಅಂತ ಓದಿ ನನಗೆ ಕಣ್ಣು ತುಂಬಿತು. ದಯವಿಟ್ಟು ಅಳಿಸಬೇಡಿ ಮಾರಾಯ್ರೆ.

ನಾನು ಹಗಲು ಹೋಟೆಲು ನೋಡಿಕೊಳ್ಳುತ್ತೇನೆ, ವರ್ಷಕ್ಕೆ ಐದಾರು ಸಲ ಇಲ್ಲೇ ಮುಂಬೈಯಲ್ಲಿ ಯಕ್ಷಗಾನದ ಆಟದಲ್ಲಿ ಗೆಜ್ಜೆ ಕಟ್ಟುತ್ತೇನೆ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ನಿಲುವು ನೋಡಿ. ಒಂದು ಕಾಲು ಊರಿದೆ, ಇನ್ನೊಂದು ನೆಲ ಬಿಟ್ಟಿದೆ. ಸೊಂಟ ಒಂದು ಕಡೆ, ಹೆಗಲು ಇನ್ನೊಂದು ಕಡೆ. ಕಣ್ಣು ಮಾತ್ರ ಶತ್ರುವಿನ ಮೇಲೆ. ಚಿತ್ರದಲ್ಲಿ ಶತ್ರು ಇಲ್ಲವೇ ಇಲ್ಲ! ಆದರೂ ಸುತ್ತ ಮುತ್ತಿಗೆ ಇದೆ ಅಂತ ಮೈಯೇ ಹೇಳುತ್ತದೆ. ಚಕ್ರವ್ಯೂಹದೊಳಗಿನ ಅಭಿಮನ್ಯುವನ್ನು ನಾವು ಕಟ್ಟುವುದೂ ಹೀಗೆಯೇ. ರಂಗದಲ್ಲಿ ಆರು ಜನ ಮಹಾರಥರು ಯಾವಾಗಲೂ ಇರುವುದಿಲ್ಲ. ಒಬ್ಬನ ಮೈಯಲ್ಲಿ ಆರು ಜನ ಕಾಣಬೇಕು.

ಜಪಾನಿನ ಕಬುಕಿ ನಾಟಕದಲ್ಲಿ ಮಿಎ ಅಂತ ಒಂದು ನಿಲುವು ಉಂಟು. ಕಾವೇರಿದ ಹೊತ್ತಿಗೆ ನಟ ಥಟ್ಟನೆ ನಿಂತು ಕಣ್ಣು ಗುಡ್ಡೆ ತಿರುಗಿಸುತ್ತಾನೆ. ಪಕ್ಕದಲ್ಲಿ ಕೂತವನು ಮರದ ಕೋಲುಗಳಿಂದ ಹಲಗೆ ಬಡಿಯುತ್ತಾನೆ. ಚೆಂಡೆಯ ಉರುಳಿಕೆ ನಿಂತಾಗ ಆಗುತ್ತದಲ್ಲ, ಅಂಥದ್ದೇ ಒಂದು ಕ್ಷಣ. ಕುನಿಯೋಶಿಯ ಯೋಧರು ನಿಲ್ಲುವುದು ಆ ಕ್ಷಣದಲ್ಲಿ. ಅವನು ಎದೋದ ರೇಷ್ಮೆ ಬಣ್ಣಗಾರನ ಮಗ, ಬಟ್ಟೆಯ ಮೇಲಿನ ಚಿತ್ತಾರ ನೋಡುತ್ತಾ ಬೆಳೆದವನು. 1827ರ ಸುಮಾರಿಗೆ ಚೀನಾದ ಕಥೆಯ 108 ವೀರರನ್ನು ಬರೆಯಲು ಶುರು ಮಾಡಿ ಹೆಸರಾದ. ಅದರಲ್ಲಿ ಕೆಲವರಿಗೆ ಮೈತುಂಬಾ ಹಚ್ಚೆ. ಅದನ್ನು ನೋಡಿ ಊರಿನ ಜನ ತಾವೂ ಹಾಗೇ ಹಚ್ಚೆ ಹಾಕಿಸಿಕೊಂಡರಂತೆ.

ಒಂದು ಹಾಳೆಯ ಬೆಲೆ ಒಂದೆರಡು ಬಟ್ಟಲು ಸೋಬಾ ಶಾವಿಗೆಯಷ್ಟು ಇತ್ತು ಅಂತ ಓದಿದ್ದೇನೆ. ಇದು ದೊರೆಗಳ ಕಲೆ ಅಲ್ಲ. ಹೋಟೆಲು ಮಾಣಿಯೂ ಕೊಳ್ಳುವಂಥದ್ದು.

ನಿಮ್ಮ ಅಜ್ಜ ಕುಂದಾಪುರದವರು, ಆಟ ನೋಡಿಯೇ ಬೆಳೆದಿರುತ್ತಾರೆ. ಕೋಬೆಯ ಅಂಗಡಿಯಲ್ಲಿ ಬೇರೆ ಎಷ್ಟೋ ಚಿತ್ರ ಇದ್ದಿರಬಹುದು. ಅವರ ಕೈ ಇದಕ್ಕೇ ಹೋಯಿತು. ಅಮ್ಮನನ್ನು ಒಮ್ಮೆ ಕೇಳಿ ನೋಡಿ, ಅವರು ಗೆಜ್ಜೆ ಕಟ್ಟಿದ್ದುಂಟಾ ಅಂತ.

ಗದಗಿನ ಮೊಳೆ, ಪುಣೆ

ಪೆನ್ಸಿಲ್ ಬರಹ ಇರಲಿ. ರಬ್ಬರು ತಾಗಿಸಿದರೆ ಬೆನ್ನಿನ ಬಾರೆನ್ ಗುರುತೂ ಹೋಗುತ್ತದೆ.

ಒಂದು ವಿಷಯ ಬಿಚ್ಚಿ ಹೇಳಬೇಕು. ಇದು ಮರದ ಅಚ್ಚಿನದ್ದು ಅನ್ನುವುದು ಈಗ ಖಾತ್ರಿ. ಆದರೆ ಅದೇ ಹಲಗೆಯಿಂದ ವರ್ಷಗಟ್ಟಲೆ ಅಚ್ಚು ತೆಗೆಯುತ್ತಿದ್ದರು, ಆಮೇಲೆ ಹೊಸದಾಗಿ ಕೆತ್ತಿದ ಹಲಗೆಯಿಂದಲೂ ತೆಗೆದದ್ದುಂಟು. ಯಾವ ಸಲದ್ದು ಅಂತ ಫೋಟೋದಲ್ಲಿ ನಾನು ಹೇಳಲಾರೆ. ಹಲಗೆ ಸವೆದಿದ್ದರೆ ಮೊದಲು ಮುರಿಯುವುದು ಹಣೆಯ ಕೂದಲು ಮತ್ತು ಹೊರ ಚೌಕಟ್ಟಿನ ಗೆರೆ. ಕೂದಲಿನ ಹತ್ತಿರದ ಫೋಟೋ ಒಂದು ಹಾಕಿ.

ಟೇಪು ಬಿಡಿಸಲು ಮುಂಬೈಯ ಫೋರ್ಟಿನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ವಿಚಾರಿಸಿ. ಅಲ್ಲಿ ಕಲಾಕೃತಿ ಸಂರಕ್ಷಣೆಗೇ ಒಂದು ಕೇಂದ್ರವಿದೆ. ಟಾಟಾ ಮನೆತನದವರು ಕೊಟ್ಟ ಜಪಾನಿ ವಸ್ತುಗಳೂ ಆ ಸಂಗ್ರಹಾಲಯದಲ್ಲಿವೆ, ಹೋದಾಗ ನೋಡಿ ಬನ್ನಿ. ಕತ್ತರಿಸಿದ ಪಟ್ಟಿಯನ್ನು ತೆಳು ಕೋಝೊ ಕಾಗದ, ಗೋಧಿ ಗಂಜಿ ಹಾಕಿ ಹಿಂದಿನಿಂದ ಜೋಡಿಸಬಹುದು. ಬೇಕಾದಾಗ ನೀರಿನಿಂದಲೇ ಬಿಡಿಸಲೂ ಬರುತ್ತದೆ. ಅಲ್ಲಿಯವರೆಗೆ ಆಮ್ಲವಿಲ್ಲದ ಎರಡು ರಟ್ಟಿನ ನಡುವೆ ಮಲಗಿಸಿಡಿ. ಗೋಡೆಗೆ ಒರಗಿಸಬೇಡಿ, ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಲ್ಯಾಮಿನೇಶನ್ ಮಾಡಿ ಅಂತ ಯಾರೇ ಹೇಳಿದರೂ ಕೇಳಬೇಡಿ.

ಡೊಂಬಿವಲಿ ಮೊಮ್ಮಗಳು

ಅಮ್ಮನನ್ನು ಕೇಳಿದೆ. ಊರಿನಲ್ಲಿದ್ದಾಗ ಅಜ್ಜ ಎರಡು ವರ್ಷ ಮೇಳದ ಜೊತೆ ತಿರುಗಿದ್ದರಂತೆ, ಹೊಸಬರು ಕಟ್ಟುವ ಕೋಡಂಗಿ ವೇಷಕ್ಕೆ. ಅಭಿಮನ್ಯು ಕಟ್ಟುವ ಹೊತ್ತಿಗೆ ಮುಂಬೈಗೆ ಬಂದುಬಿಟ್ಟರು. ಇದನ್ನು ಅಮ್ಮ ಇದುವರೆಗೆ ನನಗೆ ಹೇಳಿಯೇ ಇರಲಿಲ್ಲ.

ಶನಿವಾರ ಇಬ್ಬರೂ ಫೋರ್ಟಿಗೆ ಹೋಗುತ್ತೇವೆ. ಕೂದಲಿನ ಫೋಟೋ ಕೆಳಗೆ ಹಾಕಿದ್ದೇನೆ. ಬೆಳಿಗ್ಗೆ ಅಮ್ಮ ಟಾರ್ಚು ಹಿಡಿದಿದ್ದರು, ನಾನು ಎಣಿಸುತ್ತಾ ಹೋದೆ. ಎಡ ಹಣೆಯೊಂದರಲ್ಲೇ 64 ಆಯಿತು, ಮುರಿದದ್ದು ಒಂದೂ ಕಾಣಲಿಲ್ಲ. ನೀವೂ ಒಮ್ಮೆ ನೋಡಿ ಹೇಳಿ ಅಣ್ಣಾ.